ಹೊಳೆ ಕಾಯುವ ಯಂತ್ರ ಮತ್ತು ಶಾಹೀನ್ ಮೇಡಂ

ಶಾಹೀನ್ ಮೇಡಂ ಅವರ ಎದುರು "ಆಗ್ಯಾದ್ರಿ" ಅನ್ನುವ ಮಾತನ್ನು ಆಡಲು ನಮ್ಮೂರಿನಲ್ಲಿ ಎಲ್ಲರೂ ಹಿಂದೆಮುಂದೆ ನೋಡುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ತಕ್ಷಣ ಅವರು ಕೈಯಲ್ಲಿದ್ದ ಕೆಲಸ ಬಿಟ್ಟು, ಕನ್ನಡಕವನ್ನು ಹಣೆಯ ಮೇಲೇರಿಸಿ, ಹೇಳಿದವರ ಮುಖವನ್ನೇ ನೋಡುತ್ತ ಕೇಳುತ್ತಿದ್ದರು: "ಆಗ್ಯಾದ? ಯಾರ್ ನೋಡ್ಯಾರ?"

ನಳದ ಪೈಪು ಕೂಡಿಸಿದವನಿಗೂ ಅದೇ ಪ್ರಶ್ನೆ, ಮಗಳ ಮದುವೆ ಗೊತ್ತಾಯಿತು ಎಂದು ಸಕ್ಕರೆ ಹಂಚಲು ಬಂದವರಿಗೂ ಅದೇ ಪ್ರಶ್ನೆ. ಅವರ ಗಂಡ ಖಾಜಾ ಭಾಯಿಗೆ ಇದೊಂದು ತಮಾಷೆಯ ಗಣಿಯಾಗಿತ್ತು. ಬಸ್‌ಸ್ಟ್ಯಾಂಡಿನ ಪಕ್ಕ ಅವರ ಟೇಲರ್ ಅಂಗಡಿ. ಕೊರಳಿಗೆ ಟೇಪು ಹಾಕಿಕೊಂಡು, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಹೇಳುತ್ತಿದ್ದರು: "ನಮ್ಮ ನಿಕಾಹ್‌ದಾಗ ಕಾಜಿ ಸಾಬ್ರು ಎಲ್ಲಾ ಬರಕೊಂಡು, ಆಗ್ಯಾದಮ್ಮ ಅಂದ್ರು. ಈಕಿ ಪರದೆ ಹಿಂದಿಂದ ಕೇಳ್ಯಾಳ, ಹೆಸರು ಸರಿ ಬರದೀರೇನ್ರಿ, ಜರಾ ತೋರಸ್ರಿ ಅಂತ. ನೋಡಿದ್ರ ನನ್ನ ಹೆಸರಿನಾಗ ಒಂದ್ ಅಕ್ಷರ ತಪ್ಪಿತ್ತು. ಅವತ್ತೇ ನಾ ಬದುಕಿದ್ನಪ್ಪ, ಇಲ್ಲಂದ್ರ ಈಕಿ ಬ್ಯಾರೆ ಯಾವನದೋ ಹೇಂತಿ ಆಗ್ತಿದ್ಳು."

ಮೇಡಂ ನಗುತ್ತಿರಲಿಲ್ಲ. ಆದರೆ ಖಾಜಾ ಭಾಯಿ ಆ ಕಥೆ ಹೇಳುವಾಗ ಅಲ್ಲಿಂದ ಎದ್ದೂ ಹೋಗುತ್ತಿರಲಿಲ್ಲ.

ನಮ್ಮೂರು ದಂಡೋತಿಯಿಂದ ಸ್ವಲ್ಪ ಕೆಳಗೆ, ಕಾಗಿಣಾ ಹೊಳೆಯ ದಂಡೆಯಲ್ಲಿದೆ. ಮೇಲೋಣಿ ದಿನ್ನೆಯ ಮೇಲೆ, ಕೆಳಗೋಣಿ ಹೊಳೆಯ ಬಾಯಲ್ಲಿ. ಮೇಡಂ ಅವರದು ಮೇಲೋಣಿಯ ಹಳೆಯ ಮನೆತನ. ಚಿತ್ತಾಪುರದ ಒಂದು ಖಾಸಗಿ ತರಬೇತಿ ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ನಾನು ಊರಿನ ಗ್ರಂಥಾಲಯ ನೋಡಿಕೊಳ್ಳುವವನು. ಎರಡು ಅಂಕಣದ ಆ ಕಟ್ಟಡದ ಅಟ್ಟದ ಕೋಣೆಯಲ್ಲಿ ಮೇಡಂ ಕಟ್ಟಿದ ಯಂತ್ರವಿತ್ತು. ಅದರ ಕಥೆ ಹೇಳದೆ ಅವರ ಕಥೆ ಹೇಳಲಾಗುವುದಿಲ್ಲ.

ಹೊಳೆ ನಮ್ಮಲ್ಲಿ ಮಳೆ ಬಂದು ಏರುವುದಿಲ್ಲ. ಮಳೆ ಬೀಳುವುದು ಮೇಲೆ, ಚಿಂಚೋಳಿಯ ಕಾಡಿನಲ್ಲಿ, ಸೇಡಂ ಕಡೆಯ ಹೊಲಗಳಲ್ಲಿ. ನಮ್ಮ ತಲೆಯ ಮೇಲೆ ಬಿಸಿಲಿರುತ್ತದೆ, ಕೆಂಪು ನೀರು ಸದ್ದಿಲ್ಲದೆ ಬಂದು ನಿಂತಿರುತ್ತದೆ. ಒಂದು ವರ್ಷ ಹಾಗೆ ಬಂದ ನೀರು ಕೆಳಗೋಣಿಯ ದನಗಳನ್ನು ಗೂಟದ ಸಮೇತ ಕೊಂಡೊಯ್ದ ಮೇಲೆ ಮೇಡಂ ಮೇಲಿನ ಹಳ್ಳಿಯ ಸೇತುವೆಯ ಕಂಬಕ್ಕೆ ನೀರಿನ ಮಟ್ಟ ಅಳೆಯುವ ಒಂದು ಡಬ್ಬಿ ಕಟ್ಟಿಸಿದರು. ಅದು ಫೋನಿನ ಟವರಿನ ಹಂಗಿಲ್ಲದೆ ರೇಡಿಯೊ ಮೂಲಕ ಅಟ್ಟದ ಕಂಪ್ಯೂಟರಿಗೆ ಸುದ್ದಿ ಕಳಿಸುತ್ತಿತ್ತು. ನೀರು ಗೊತ್ತಾದ ಮಟ್ಟ ದಾಟಿದರೆ ಕಟ್ಟಡದ ಮೇಲಿನ ಹಾರ್ನು ತಾನೇ ಕೂಗುತ್ತಿತ್ತು. ಅಲ್ಲಿ ಏರಿದ ನೀರು ನಮ್ಮೂರಿಗೆ ಬರುವುದರೊಳಗೆ ಕೆಳಗೋಣಿಯವರು ಮಕ್ಕಳು, ದನ, ಹಾಸಿಗೆ ಎತ್ತಿಕೊಂಡು ದಿನ್ನೆ ಹತ್ತುವಷ್ಟು ಹೊತ್ತು ಸಿಗುತ್ತಿತ್ತು.

ಅದು ಲಿನಕ್ಸ್ ಯಂತ್ರ. ಯಾಕೆ ಎಂದು ಕೇಳಿದ್ದಕ್ಕೆ ಮೇಡಂ, "ಇದರಾಗ ಏನ್ ನಡೀಲಿಕತ್ತದ ಅಂತ ಬಗ್ಗಿ ನೋಡಲಿಕ್ಕ ಬರ್ತದ. ಮುಚ್ಚಿಟ್ಟ ಡಬ್ಬಿ ನನಗ ಬ್ಯಾಡ" ಎಂದಿದ್ದರು.

ಎರಡು ಮಳೆಗಾಲ ಯಂತ್ರ ಚೆನ್ನಾಗಿ ನಡೆಯಿತು. ಮೂರನೆಯ ಮಳೆಗಾಲದ ಬಾಗಿಲಲ್ಲಿ ಅದರ ಹಾರ್ಡ್‌ಡಿಸ್ಕಿನಿಂದ ಒಂದು ಸದ್ದು ಬರತೊಡಗಿತು. ಗೋಡೆಯೊಳಗೆ ಯಾರೋ ಉಗುರಿನಿಂದ ಕುಟ್ಟಿದಂತೆ, ಕಟ್, ಕಟ್, ಸ್ವಲ್ಪ ಬಿಡುವು, ಮತ್ತೆ ಕಟ್. ಕೆಳಗೆ ಪುಸ್ತಕ ಜೋಡಿಸುವಾಗಲೂ ನನಗೆ ಅದು ಕೇಳುತ್ತಿತ್ತು. ಮೇಡಂ ಆಗ ಬೇರೆ ಊರಿಗೆ ತರಬೇತಿಗೆ ಹೋಗಿದ್ದರು. ಫೋನಿನಲ್ಲಿ ಹೇಳಿದೆ. "ಡಿಸ್ಕು ಸಾಯ್ಲಿಕತ್ತದ ಮಲ್ಲಣ್ಣ. ಹೊಸಾದು ತರಸ್ರಿ. ನಾ ಬರೋತನಕ ಯಾರೂ ಮುಟ್ಟಬ್ಯಾಡ್ರಿ" ಎಂದರು.

ಆದರೆ ಊರಿನ ಕೆಲಸಗಳನ್ನೆಲ್ಲ ಮುಂದೆ ನಿಂತು ಮಾಡಿಸುವ ಶರಣಪ್ಪ ಕಾಕಾಗೆ ಅಷ್ಟು ತಾಳ್ಮೆ ಇರಲಿಲ್ಲ. ಮಳೆ ಹತ್ತಿರ ಬಂದಿದೆ ಎಂದು ಕಲಬುರಗಿಯಿಂದ ಒಬ್ಬ ರಿಪೇರಿಯವನನ್ನು ಕರೆಸಿದರು. ಅವನು ಹೊಸ ಡಿಸ್ಕನ್ನು ಪಕ್ಕಕ್ಕೆ ಜೋಡಿಸಿ, ಯಂತ್ರ ಚಾಲೂ ಇರುವಾಗಲೇ ಹಳೆಯದನ್ನು ಇದ್ದದ್ದು ಇದ್ದಂತೆ ಹೊಸದರ ಮೇಲೆ ನಕಲು ಹೊಡೆದ. ಒಮ್ಮೆ ಆರಿಸಿ ಹಚ್ಚಿದ. ಪರದೆ ಬಂತು, ನೀರಿನ ಮಟ್ಟ ಬಂತು. "ಆಗ್ಯಾದ್ರಿ" ಎಂದು ಹೇಳಿ ಹೋದ. ಶರಣಪ್ಪ ಕಾಕಾ ಊರಿಗೆಲ್ಲ ಹೇಳಿಕೊಂಡು ಬಂದರು.

ನಾಲ್ಕಾರು ದಿನದ ಮೇಲೆ ಮೇಡಂ ಬಂದವರು ಬುರ್ಖಾ ಕೂಡ ತೆಗೆಯದೆ ಅಟ್ಟ ಹತ್ತಿದರು. ಯಂತ್ರದ ಪೆಟ್ಟಿಗೆಗೆ ಕಿವಿ ಹಚ್ಚಿ ನಿಂತರು. ಕಟ್, ಕಟ್.

"ಹೊಸಾ ಡಿಸ್ಕಿನ ಮ್ಯಾಲ ನಡೀಲಿಕತ್ತದಂತ ಹೇಳಿದ್ರಿ. ಮತ್ತ ಹಳೀದು ಯಾಕ್ ಕೂಗ್ಲಿಕತ್ತದ?"

ಮೇಡಂ ಕೂತು ಒಂದು ಸಾಲು ಟೈಪು ಮಾಡಿದರು. ಬಂದ ಉತ್ತರಕ್ಕೆ ಬೆರಳಿಟ್ಟು ತೋರಿಸಿದರು.

"ಇಷ್ಟು ದಿನಾ ಇದು ಹಳೀದರ ಮ್ಯಾಲೇ ನಿಂತದ. ಎರಡೂ ಡಿಸ್ಕಿಗಿ ಒಂದೇ ಗುರುತಿನ ನಂಬರು ಬಂದದ. ಇದು ಮೊದಲು ಸಿಕ್ಕಿದ್ದನ್ನ ಹಿಡಕೊಂಡದ. ನೀವು ಪರದಿ ನೋಡಿ ಖುಷಿ ಪಟ್ಟೀರಿ."

"ಹಂಗಾದ್ರ ಹಳೀದು ಕಿತ್ತಿ ಹಾಕಿದ್ರ ಆಗ್ತದಲ್ರಿ?" ಎಂದರು ಕಾಕಾ.

ಮೇಡಂ ಹೊಸ ಡಿಸ್ಕನ್ನು ಪರೀಕ್ಷೆಗೆ ಹಚ್ಚಿದರು. ಪರದೆಯ ಮೇಲೆ ತಪ್ಪುಗಳ ಸಾಲು ಸುರಿಯತೊಡಗಿತು, ನಿಲ್ಲಲೇ ಇಲ್ಲ. ನಾನು ಆ ದಿನಗಳ ರಾತ್ರಿಗಳನ್ನು ನೆನೆದೆ. ಊರು ಹಾರ್ನನ್ನು ನಂಬಿ ಮಲಗುತ್ತಿತ್ತು. ಹಾರ್ನು ಆ ಉಗುರಿನ ಸದ್ದನ್ನು ನಂಬಿ ನಿಂತಿತ್ತು.

"ಚಾಲೂ ಇದ್ದಾಗ ಕಾಪಿ ಹೊಡದಾನ," ಎಂದರು ಮೇಡಂ. "ಡಿಸ್ಕಿನಾಗ ಮಷಿನು ಏಳೋ ಈ ಭಾಗಕ್ಕ ರೂಟ್ ಅಂತಾರ. ರೂಟ್ ಅಂದ್ರ ಬೇರು. ಉಳಿದ ಸಾಮಾನು ಎಲ್ಲಿಗಾರ ಎತ್ತಿಡಬಹುದು. ಇದು ಹಂಗಲ್ಲ, ಇದರ ಮ್ಯಾಲೇ ಮಷಿನು ನಿಂತಿರ್ತದ, ಕ್ಷಣಕ್ಷಣಕ್ಕ ಇದರಾಗೇ ಬರೀತಿರ್ತದ. ನೀವು ಕಾಪಿ ಮಾಡೋದ್ರೊಳಗ ಅರ್ಧ ಹಳೀ ಮಾತು, ಅರ್ಧ ಹೊಸಾ ಮಾತು ಆಗ್ತದ. ಬೇರು ಎತ್ತಬೇಕಂದ್ರ ಮೊದಲು ಮಷಿನು ನಿಂದ್ರಸಬೇಕು. ಪೆನ್‌ಡ್ರೈವ್‌ಲೆ ಎಬ್ಬಿಸಿ, ಎರಡೂ ಡಿಸ್ಕು ಸುಮ್ಮನ ಮಲಗಿದ್ದಾಗ ಕಾಪಿ ಮಾಡಬೇಕು. ಆಮ್ಯಾಲ ಒಂದೊಂದೂ ಹೊಂದಿಸಿ ನೋಡಬೇಕು."

"ಎಷ್ಟೊತ್ತು ನಿಂದ್ರಸಬೇಕ್ರಿ?"

"ಒಂದ್ ಮುಂಜಾನಿ ಹೋಗ್ತದ."

ಕಾಕಾ ಯಂತ್ರದ ಹತ್ತಿರ ಬಂದರು. "ಮಳಿಗಾಲ ಅದ ಮೇಡಂ. ಒಂದ್ ಮುಂಜಾನಿ ಊರು ಕುರುಡಾಗಬೇಕೇನು?"

"ಇದು ನಡು ಮಳ್ಯಾಗ ತಾನೇ ನಿಂತ್ರ ಪೂರಾ ಕುರುಡು, ಕಾಕಾ. ನಾವಾಗೇ ನಿಂದ್ರಸಿದ್ರ ಕಣ್ಣು ಇಡಬಹುದು."

ಆ ಕಣ್ಣು ಖಾಜಾ ಭಾಯಿ. ಅವರು ಹೊಳೆಯಲ್ಲೇ ಈಜು ಕಲಿತವರು, ನೀರಿನ ಬಣ್ಣ ನೋಡಿ ಯಾವ ಕಡೆಯ ಮಣ್ಣು ಎಂದು ಹೇಳಬಲ್ಲವರು. ಮರುದಿನ ಅಂಗಡಿಗೆ ಬೀಗ ಹಾಕಿ ದಂಡೆಯಲ್ಲಿ ಕೂರಲು ಒಪ್ಪಿದರು. ಮೇಲಿನ ಸೇತುವೆಯ ಹತ್ತಿರ ಅವರ ಅಳಿಯನೊಬ್ಬನಿದ್ದ. ಅವನು ಅಲ್ಲಿಯ ನೀರು ನೋಡಿ ಮೇಡಂಗೆ ಫೋನು ಮಾಡುವುದು ಎಂದಾಯಿತು.

ಮರುದಿನ ಮುಂಜಾನೆ ಬಿಸಿಲು ಬಿದ್ದಿತ್ತು. ಹೊಳೆ ಸಣ್ಣಗಿತ್ತು, ಬಂಡೆಗಳು ಕಾಣುತ್ತಿದ್ದವು. ಅಷ್ಟು ಒಳ್ಳೆಯ ಬಿಸಿಲು ನನಗೆ ಯಾಕೋ ಹಿತವಾಗಲಿಲ್ಲ. ಕಾಗೆಗಳು ಕೆಳಗೋಣಿ ಬಿಟ್ಟು ಗ್ರಂಥಾಲಯದ ತಗಡಿನ ಮೇಲೆ ಬಂದು ಕೂತಿದ್ದವು. ಖಾಜಾ ಭಾಯಿ ಕೊರಳಿನ ಟೇಪು ತೆಗೆಯುವುದನ್ನು ಮರೆತು ಹಾಗೇ ಹೊಳೆಗೆ ಹೊರಟರು. ಮೇಡಂ ಬಾಗಿಲಲ್ಲಿ ನಿಂತು ಹೇಳಿದರು:

"ಫೋನ್ ಹತ್ತಲಿಲ್ಲಂದ್ರ ಓಡಿ ಬರ್ರಿ. ಅಲ್ಲಿ ಇಲ್ಲಿ ನಿಂದ್ರಬ್ಯಾಡ್ರಿ. ನೀರು ಏರಿದ್ರ ಸೀದಾ ನನ್ನ ಹತ್ರ."

"ಜೀ ಮೇಡಂ," ಎಂದರು ಅವರು, ಶಾಲೆಯ ಹುಡುಗನಂತೆ ಕೈಕಟ್ಟಿ.

ಮೇಡಂ ಯಂತ್ರವನ್ನು ನಿಲ್ಲಿಸಿದರು. ಕಟ್ ಕಟ್ ನಿಂತಿತು. ಅಟ್ಟದಲ್ಲಿ ನನಗೆ ಮೊದಲ ಬಾರಿ ತಲೆಯ ಮೇಲಿನ ಫ್ಯಾನಿನ ಸದ್ದು ಕೇಳಿಸಿತು. ಪೆನ್‌ಡ್ರೈವ್‌ನಿಂದ ಎಬ್ಬಿಸಿ, ಮೊದಲು ಹಳೆಯ ಡಿಸ್ಕನ್ನು ಓದಲು ಮಾತ್ರ ತೆರೆದರು. ಅದರಲ್ಲಿ ಒಂದಕ್ಷರವೂ ಬರೆಯದಂತೆ ಕಟ್ಟು ಹಾಕಿದರು. ಹೊಸದನ್ನು ಪೂರ್ತಿ ಅಳಿಸಿ, ಹೊಸ ಗುರುತು ಕೊಟ್ಟರು. ಆಮೇಲೆ ನಕಲು ಶುರುವಾಯಿತು. ಫೈಲುಗಳ ಹೆಸರುಗಳು ಪರದೆಯ ಮೇಲೆ ಹರಿದವು.

ಖಾಜಾ ಭಾಯಿಯ ಫೋನು ಆಗಾಗ ಬರುತ್ತಿತ್ತು. ಮೇಡಂ ಸ್ಪೀಕರಿಗೆ ಹಾಕುತ್ತಿದ್ದರು. "ನೀರು ಇದ್ದಲ್ಲೇ ಅದ ಮೇಡಂ. ಎರಡು ಎಮ್ಮಿ ಬಂದಾವ, ಅವೂ ನೋಡ್ಲಿಕತ್ಯಾವ." ಇನ್ನೊಮ್ಮೆ: "ನಾಗಮ್ಮವ್ವ ರೊಟ್ಟಿ ಕೊಟ್ಟಾಳ, ತಿನ್ಲಿಕತ್ತೀನಿ." ನಾಗಮ್ಮ ಹೊಳೆಗೆ ಹತ್ತಿದ ಕೊನೆಯ ಮನೆಯ ಮುದುಕಿ, ಮೊಣಕಾಲು ನೋವಿನಿಂದ ಕೂತಲ್ಲಿಂದ ಏಳಲಾರದವಳು. ಮೇಲಿನಿಂದ ಅಳಿಯನೂ ಒಂದೆರಡು ಸಲ ಫೋನು ಮಾಡಿ ನೀರು ಸಣ್ಣಗಿದೆ ಎಂದ.

ನಕಲು ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಯಂತ್ರ ಬ್ಯಾಟರಿಯ ಮೇಲೆ ನಡೆಯಿತು, ಏನೂ ಆಗಲಿಲ್ಲ. ಆದರೆ ಸ್ವಲ್ಪ ಹೊತ್ತಿನಲ್ಲಿ ನನ್ನ ಫೋನಿನಲ್ಲಿ ಸಿಗ್ನಲಿನ ಗೆರೆಗಳು ಒಂದೊಂದಾಗಿ ಇಳಿದು ಮಾಯವಾದವು. ಮೇಡಂ ತಮ್ಮದನ್ನು ನೋಡಿದರು. ಅದರಲ್ಲೂ ಇರಲಿಲ್ಲ.

"ಟವರ್ ಹೋಗ್ಯಾದ," ಎಂದರು ಕಾಕಾ. ಅವರು ಬೆಳಗಿನಿಂದ ಬಾಗಿಲ ಬಳಿಯೇ ನಿಂತಿದ್ದರು. "ಮೇಡಂ, ಕಾಪಿ ಆಗ್ಯಾದಲ್ಲ? ಚಾಲೂ ಮಾಡಿಬಿಡ್ರಿ."

"ಕಾಪಿ ಆಗ್ಯಾದ. ನೋಡಿಲ್ಲ ಇನ್ನಾ."

"ಆಮ್ಯಾಲ ನೋಡ್ರಿ."

"ಹೋದ ಸಲ ಹಂಗೇ ಮಾಡೀರಿ ಕಾಕಾ." ದನಿ ಏರಲಿಲ್ಲ. ಕೀಬೋರ್ಡಿನ ಮೇಲಿನ ಬೆರಳು ಒಂದು ಗಳಿಗೆ ನಿಂತು, ಮತ್ತೆ ನಡೆಯಿತು. ಹೊಸ ಡಿಸ್ಕಿನ ಎಲ್ಲ ಫೈಲುಗಳನ್ನೂ ಹಳೆಯದರ ಜೊತೆ ಅಕ್ಷರಕ್ಕಕ್ಷರ ಹೊಂದಿಸುವ ಕೆಲಸ ಹಚ್ಚಿದರು. ನಕಲಿಗೆ ಹಿಡಿದಷ್ಟೇ ಹೊತ್ತು ಅದಕ್ಕೂ ಹಿಡಿಯುತ್ತಿತ್ತು. ಅಟ್ಟದ ಕಿಟಕಿ ಹೊಳೆಯ ಕಡೆಗಿರಲಿಲ್ಲ, ರಸ್ತೆಯ ಕಡೆಗಿತ್ತು. ರಸ್ತೆಯಲ್ಲಿ ಬಿಸಿಲಿತ್ತು. ಒಂದು ಆಟೊ ಶಹಾಬಾದಿನ ಕಲ್ಲು ಹೇರಿಕೊಂಡು ನಿಧಾನವಾಗಿ ಹೋಯಿತು.

"ಖಾಜಾ ಭಾಯಿ ಬರಬೇಕಿತ್ತಲ್ರಿ," ಎಂದೆ. "ಫೋನ್ ಹತ್ತಲಿಲ್ಲಂದ್ರ ಓಡಿ ಬರ್ರಿ ಅಂದಿದ್ರಿ."

"ಫೋನ್ ಹಚ್ಚಿ ನೋಡಿದ್ರ ಗೊತ್ತಾಗ್ತದ ಅವರಿಗಿ. ಬರ್ತಾರ."

ಕಾದೆವು. ಪರದೆಯ ಮೇಲೆ ಸಾಲು ಮೆಲ್ಲಗೆ ಜರುಗುತ್ತಿತ್ತು. ಕಾಕಾ ಮತ್ತೊಮ್ಮೆ, "ಮೇಡಂ, ನಿಮ್ಮ ಕಾಲಿಗಿ ಬೀಳ್ತೀನಿ" ಎಂದರು. ಮೇಡಂ ಅವರ ಕಡೆ ನೋಡಲಿಲ್ಲ. ಅವರ ಮೇಲ್ದುಟಿಯ ಮೇಲೆ ಬೆವರು ನಿಂತಿತ್ತು. ಅರ್ಧಂಬರ್ಧ ಎದ್ದ ಯಂತ್ರ ಎಲ್ಲಕ್ಕಿಂತ ಅಪಾಯ, ಎದ್ದಂತೆ ತೋರಿ ನಡುವೆ ಬೀಳುತ್ತದೆ ಎಂದು ಅವರಿಗೆ ಗೊತ್ತಿತ್ತು; ಅರ್ಧಂಬರ್ಧ ನಕಲಿನ ತಪ್ಪುಗಳನ್ನು ಹಿಂದಿನ ದಿನವಷ್ಟೇ ಕಣ್ಣಾರೆ ಕಂಡಿದ್ದರು.

"ನಾ ಹೋಗಿ ನೋಡಿ ಬರ್ತೀನ್ರಿ."

"ಹೋಗ್ರಿ ಮಲ್ಲಣ್ಣ," ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಜಲ್ದಿ ಹೋಗ್ರಿ."

ನಾನು ಮೆಟ್ಟಿಲು ಇಳಿದು ಗುಡಿಯ ತಿರುವಿಗೆ ಬರುವಷ್ಟರಲ್ಲಿ ತಲೆಯ ಮೇಲೆ ಹಾರ್ನು ಕೂಗಿತು. ಹೊಂದಿಸಿ ನೋಡುವುದು ಮುಗಿದು ಯಂತ್ರ ಎದ್ದಿತ್ತು. ಎದ್ದು, ಮೇಲಿನ ಕಂಬದ ಸುದ್ದಿ ಕೇಳಿ, ಮೊದಲ ಉಸಿರಿಗೇ ಕೂಗಿತ್ತು. ಒಂದು ಕ್ಷಣ ನನಗೆ ಸಂತೋಷವೇ ಆಯಿತು. ಎದುರಿನಿಂದ ಕೆಳಗೋಣಿಯ ಜನ ಬರುತ್ತಿರುವುದು ಕಂಡಾಗ ಆ ಸಂತೋಷ ಅಲ್ಲೇ ನಿಂತಿತು. ಅವರು ಹಾರ್ನು ಕೇಳಿ ಹೊರಟವರಲ್ಲ. ಅವರ ಸೀರೆ, ಧೋತರಗಳು ಆಗಲೇ ಮೊಣಕಾಲಿನವರೆಗೆ ತೊಯ್ದಿದ್ದವು. ಯಾರೂ ಕೂಗುತ್ತಿರಲಿಲ್ಲ. ಮಕ್ಕಳು ಕೂಡ ಅಳುತ್ತಿರಲಿಲ್ಲ.

ಆದದ್ದನ್ನು ಅವರಿಂದಲೇ ತಿಳಿದೆ. ನೀರು ಇದ್ದಕ್ಕಿದ್ದಂತೆ ಕೆಂಪಾಗಿ ಏರತೊಡಗಿದಾಗ ಖಾಜಾ ಭಾಯಿ ಫೋನು ಹಚ್ಚಿದ್ದರು. ಹತ್ತಲಿಲ್ಲ. ದಿನ್ನೆಯ ಕಡೆ ಓಡತೊಡಗಿದರು. ಓಣಿಯ ಬಾಯಿಗೆ ಬಂದು ಹಿಂತಿರುಗಿ ನೋಡಿದರು. ಅಟ್ಟಕ್ಕೆ ಓಡಿ ಹೋಗಿ ಹೇಳಿ ಬರುವಷ್ಟು ಹೊತ್ತು ನೀರು ಕೊಡುವುದಿಲ್ಲ ಎಂದು ಅವರಿಗೆ ಅನ್ನಿಸಿರಬೇಕು. ಅಲ್ಲಿಂದಲೇ ತಿರುಗಿ ಬಾಗಿಲು ಬಡಿಯತೊಡಗಿದರು. ಒಂದು ಮನೆ, ಇನ್ನೊಂದು ಮನೆ, ಹೀಗೆ ಓಣಿಯನ್ನೆಲ್ಲ ಎಬ್ಬಿಸಿ ಹೊರಡಿಸಿ, ಕೊನೆಗೆ ನಾಗಮ್ಮನ ಮನೆಗೆ ಹೋದರು. ಅವಳನ್ನು ಹೆಗಲ ಮೇಲೆ ಹೊತ್ತು ಹೊರಬರುವಾಗ ನೀರು ಎದೆಯ ಮಟ್ಟ ಇತ್ತು. ಪಕ್ಕದ ಮನೆಯ ಮಾಳಿಗೆಗೆ ಅವಳನ್ನು ದಬ್ಬಿ ಹತ್ತಿಸಿದರು. ತಾವು ಹತ್ತಲು ಅಂಗಳದ ಗೋಡೆಗೆ ಕೈ ಹಚ್ಚಿದರು. ಹಳೆಯ ಮಣ್ಣಿನ ಗೋಡೆ. ನೀರಿನಲ್ಲಿ ನೆನೆದಿತ್ತು.

ನಾಗಮ್ಮ ಆ ಗೋಡೆ ಕುಸಿದು ಕೂತ ಬಗೆಯನ್ನು ಎಷ್ಟೋ ತಿಂಗಳು ಯಾರು ಹೋದರೂ ಹೇಳುತ್ತಿದ್ದಳು. "ಸಪ್ಪಳ ಆಗಲಿಲ್ಲಪ್ಪ. ರೊಟ್ಟಿ ಹಾಲಿನಾಗ ಮುರದಂಗ ಕೂತ್ತು."

ಖಾಜಾ ಭಾಯಿ ಸಿಕ್ಕಿದ್ದು ನೀರು ಇಳಿದ ಮೇಲೆ, ಕೆಳಗಿನ ಜಾಲಿಯ ಮೆಳೆಯಲ್ಲಿ. ಊರಿನಲ್ಲಿ ಬೇರೆ ಯಾರ ಜೀವವೂ ಹೋಗಲಿಲ್ಲ.

ಮಣ್ಣಾದ ಮೇಲೆ ಊರಿನವರು ಮೇಡಂ ಮನೆಗೆ ಬಂದು ಕೂರುತ್ತಿದ್ದರು. ಎಲ್ಲರ ಬಾಯಲ್ಲೂ ಒಂದೇ ಮಾತು: ನಿಮ್ಮ ಹಾರ್ನು ಕೂಗಿತ್ರಿ ಮೇಡಂ, ಸರಿಯಾಗಿ ಕೂಗಿತ್ತು. ಸಮಾಧಾನಕ್ಕೆಂದು ಆಡಿದ ಆ ಮಾತು ಅವರಿಗೆ ಹೇಗೆ ಕೇಳುತ್ತಿತ್ತೋ. ಶರಣಪ್ಪ ಕಾಕಾ ಮಾತ್ರ ಏನೂ ಅನ್ನಲಿಲ್ಲ. ಅಂಗಳದ ಮೂಲೆಯಲ್ಲಿ ಟೋಪಿ ಕೈಯಲ್ಲಿ ಹಿಡಿದು ಕೂರುವರು, ಏಳುವರು, ಹೋಗುವರು. ಅಟ್ಟದಲ್ಲಿ ಕಾಲಿಗೆ ಬೀಳುತ್ತೇನೆ ಎಂದದ್ದನ್ನು ಅವರು ಯಾರಿಗೂ ಹೇಳಲಿಲ್ಲ, ನಾನೂ ಹೇಳಿಲ್ಲ. ಗಂಡ ತೀರಿದವಳು ಮನೆಯಲ್ಲೇ ಇರಬೇಕಾದ ಇದ್ದತ್ತಿನ ದಿನಗಳು ಮುಗಿದ ಮೇಲೆ ಮೇಡಂ ನನ್ನನ್ನು ಕರೆಸಿ, ಯಂತ್ರವನ್ನು ನೋಡಿಕೊಳ್ಳುವ ಬಗೆಯನ್ನು ಸಾವಧಾನವಾಗಿ ಕಲಿಸಿದರು. ನಾನು ಒಂದೊಂದು ಸಾಲು ಟೈಪು ಮಾಡಿ "ಆಯ್ತ್ರಿ" ಎಂದರೂ ಅವರು ಸುಮ್ಮನೆ ತಲೆಯಾಡಿಸುತ್ತಿದ್ದರು. ಹಳೆಯ ಪ್ರಶ್ನೆ ಕೇಳುವುದನ್ನು ಬಿಟ್ಟಿದ್ದರು. ಅದು ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸಿತು. ಆಮೇಲೆ ಕೆಲಸ ಬಿಟ್ಟು ಸೇಡಂಗೆ, ಅಣ್ಣನ ಮನೆಗೆ ಹೋದರು.

ಕೊನೆಯ ಸಲ ಅವರನ್ನು ಕಂಡದ್ದು ಸೇಡಂ ಬಸ್‌ಸ್ಟ್ಯಾಂಡಿನಲ್ಲಿ, ಎರಡು ವರ್ಷದ ಮೇಲೆ. ಹತ್ತಿರದ ಮುಧೋಳಕ್ಕೆ, ಸಂಬಂಧಿಕರ ಮನೆಗೆ ಹೊರಟಿದ್ದರು. ಸೊರಗಿದ್ದರು. ಕಲ್ಲಿನ ಕಟ್ಟೆಯ ಮೇಲೆ ಸರಿದು ಜಾಗ ಮಾಡಿ, "ಕುಂದ್ರಿ ಮಲ್ಲಣ್ಣ" ಎಂದರು. ಹಾರ್ನಿನ ಸುದ್ದಿ ನಾನೇ ಹೇಳಿದೆ. ಚೆನ್ನಾಗಿ ನಡೆದಿದೆ, ಹೋದ ಮಳೆಗಾಲದಲ್ಲಿ ಎರಡು ಸಲ ಕೂಗಿತು, ಯಾರಿಗೂ ಏನೂ ಆಗಲಿಲ್ಲ ಎಂದೆ. ಕೇಳಿಸಿಕೊಂಡರು. ಬಸ್ಸುಗಳು ಬಂದವು, ಹೋದವು. ಕಡಲೆ ಮಾರುವವನು ಎದುರು ನಿಂತು ನೋಡಿ ಮುಂದೆ ಹೋದ.

"ಅವತ್ತಿನ ಹಳೀ ಡಿಸ್ಕು ನಾ ತಂದಿದ್ದೆ," ಎಂದರು, ಯಾವುದೋ ಅರ್ಧಕ್ಕೆ ಬಿಟ್ಟ ಮಾತನ್ನು ಮುಂದುವರಿಸುವವರಂತೆ. "ಅದರದೊಂದು ನಕಲು ತಗೊಂಡು ಮನ್ಯಾಗ ಮಾಡಿ ನೋಡಿದೆ. ಅವತ್ತು ಹ್ಯಾಂಗ ಮಾಡಿದ್ನೋ ಹಂಗೇ. ನಿಂದ್ರಸಿ, ಕಾಪಿ ಮಾಡಿ, ಗುರುತು ಬದಲಿ ಮಾಡಿ. ಹೊಂದಿಸಿ ನೋಡೋದು ಒಂದು ಬಿಟ್ಟೆ. ನೋಡದೇ ಚಾಲೂ ಮಾಡಿದೆ."

ನಾನು ಕೇಳಬಾರದಿತ್ತು. ಕೇಳಿದೆ. "ಏನಾಯ್ತ್ರಿ?"

"ಚಾಲೂ ಆಯ್ತು."

"ಮನ್ಯಾಗಿಂದು ಬ್ಯಾರೆ ಮೇಡಂ. ಅವತ್ತೂ ಹಂಗೇ ಆಗ್ತಿತ್ತಂತ ಹ್ಯಾಂಗ ಹೇಳ್ತೀರಿ? ಹೇಳಲಿಕ್ಕ ಬರಲ್ಲ."

"ಬರಲ್ಲ," ಎಂದರು. "ಅದಕ್ಕೇ ಮತ್ತ ಅಳಿಸಿ ಮತ್ತ ಮಾಡ್ತೀನಿ. ಒಂದ್ ಸಲನರ ಬೀಳ್ತದೇನಂತ ನೋಡ್ಲಿಕತ್ತೀನಿ."

"ಇನ್ನಾ ಮಾಡ್ತೀರೇನ್ರಿ?"

ಮುಧೋಳದ ಬಸ್ಸು ಬಂದು ನಿಂತಿತು. ಅವರು ಚೀಲ ಎತ್ತಿಕೊಂಡು, ಮಂಡಿಗೆ ಕೈಯೂರಿ ಎದ್ದರು.

"ದಿನಾ," ಎಂದರು. "ದಿನಾ ಚಾಲೂ ಆಗ್ತದ, ಮಲ್ಲಣ್ಣ."